ಕ್ಯಾಮೆರಾದ ಪಕ್ಕದ ಸ್ಟೂಲು

ಅವ್ವನ ಸೆರಗು ಹಿಡಿದುಕೊಂಡು ಕೋಡಂಬಾಕ್ಕಂನ ಆ ಮನೆಗೆ ಬಂದ ದಿನ ಮಾವ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಎತ್ತರವನ್ನು. ಅಪ್ಪ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ನಂಜನಗೂಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಅವ್ವ ಒಂದು ಗಂಟು ರಾಗಿಹಿಟ್ಟು ಹೊತ್ತುಕೊಂಡು ಮದರಾಸಿಗೆ, ತನ್ನ ಅಣ್ಣನ ಮನೆಗೆ ಹೊರಟು ಬಂದಿದ್ದಳು. ಮಾವ ನನ್ನನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೂರು ಕಾಲಿನ ಮೇಲೆ ನಿಂತಿದ್ದ ದೊಡ್ಡ ಕ್ಯಾಮೆರಾದ ಪಕ್ಕ ನಿಲ್ಲಿಸಿ, ಅದರ ಗಾಜಿನಿಂದ ನನ್ನ ಕಣ್ಣಿನವರೆಗೆ ಒಂದು ದಾರ ಎಳೆದು ನೋಡಿದರು. ಆಮೇಲೆ ಅತ್ತೆಯನ್ನು ಕೂಗಿದರು.

"ಬಡಗಿಗೆ ಹೇಳಿ ಕಳಿಸು. ಒಂದು ಎತ್ತರದ ಸ್ಟೂಲು ಬೇಕು."

ನಾವಿನ್ನೂ ಕಾಲು ತೊಳೆದುಕೊಂಡಿರಲಿಲ್ಲ.

ಅನು, ಕಾರ್ತಿ, ನೀವಿಬ್ಬರೂ ಫೋಟೋಗೆಂದು ಫೋನು ಎತ್ತಿದಾಗಲೆಲ್ಲ "ಪಾಟಿ, ಕೊಂಜಂ ಸಿರಿ" ಅನ್ನುತ್ತೀರಿ, ಅಜ್ಜಿ, ಸ್ವಲ್ಪ ನಗು ಎಂದು. ನಾನು ನಗುತ್ತಿದ್ದೇನೆ ಅಂದುಕೊಂಡೇ ಕೂತಿರುತ್ತೇನೆ. ಆಮೇಲೆ ನೀವು ತೋರಿಸುವ ಚಿತ್ರದಲ್ಲಿ ಗೋಡೆಗೆ ಒರಗಿಸಿಟ್ಟ ಮಣೆಯ ಹಾಗೆ ಒಂದು ಮುಖ ಇರುತ್ತದೆ. ನಿಮ್ಮ ತಾತ ಹೋದ ದಿನ ಬಂದವರೆಲ್ಲ ನನ್ನ ಮುಖ ನೋಡಿ ಏನಂದುಕೊಂಡರು ಎಂದು ನನಗೆ ಗೊತ್ತು. ಎಲ್ಲ ಮುಗಿದ ಮೇಲೆ ನಿಮ್ಮಮ್ಮನೇ ಕೇಳಿದಳು, "ಅಮ್ಮ, ನಿನಗೆ ಅಳು ಬರಲೇ ಇಲ್ಲವಾ?" ಬಂದಿತ್ತು. ಅದಕ್ಕೆ ದಾರಿ ಸಿಕ್ಕಲಿಲ್ಲ. ಯಾಕೆ ಸಿಕ್ಕಲಿಲ್ಲ ಎಂದು ಬಾಯಿ ಬಿಟ್ಟು ಹೇಳುವುದಕ್ಕೆ ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನಿಮ್ಮಮ್ಮ ಓದಿ ಹೇಳಲಿ. ಹಳ್ಳಿಯ ಶಾಲೆಯಲ್ಲಿ ಕಲಿತಷ್ಟೇ ನನ್ನ ಅಕ್ಷರ. ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ.

ಆ ಮನೆ ರೈಲಿನ ಡಬ್ಬಿಗಳ ಹಾಗೆ, ಒಂದು ಕೋಣೆಯ ಹಿಂದೆ ಇನ್ನೊಂದು ಕೋಣೆ. ಮುಂದಿನದು ಸ್ಟುಡಿಯೋ. ಅದರ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿತ್ತು. ಬೆಳಕು ಬರುತ್ತಿದ್ದುದು ಸೂರಿನಿಂದ ಮಾತ್ರ. ಮಾವ ಅಲ್ಲಲ್ಲಿ ಮಣ್ಣಿನ ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದ್ದರು. ಯಾವ ಹೊತ್ತಿಗೆ ಯಾವ ಗಾಜಿನ ಕೆಳಗೆ ಕುರ್ಚಿ ಇಡಬೇಕು, ಯಾವುದನ್ನು ಕೋಲಿನ ತುದಿಯ ಬಟ್ಟೆಯಿಂದ ಮುಚ್ಚಬೇಕು ಎಂಬುದೆಲ್ಲ ಅವರ ತಲೆಯೊಳಗಿತ್ತು. ಎರಡನೆಯ ಕೋಣೆ ಹಿಂದೆ ಅಡುಗೆಮನೆಯಾಗಿತ್ತಂತೆ, ಮಾವ ಅದನ್ನು ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಒಲೆ ಹಿತ್ತಲ ಜಗಲಿಗೆ ಹೋಗಿತ್ತು. ಅತ್ತೆ ಆ ಸಿಟ್ಟನ್ನು ಸಾಯುವವರೆಗೂ ಬಿಡಲಿಲ್ಲ. ಫೋಟೋ ಮದ್ದಿನ ಹುಳಿ ವಾಸನೆ ಅನ್ನಕ್ಕೂ ಹತ್ತುತ್ತಿತ್ತು, ಹಾಸಿಗೆಗೂ ಹತ್ತುತ್ತಿತ್ತು. "ಈ ಮನೇಲಿ ಮುದ್ದೆ ನುಂಗುದ್ರೂ ಫೋಟೋ ನುಂಗ್ದಂಗಿರ್ತದೆ" ಎಂದು ಅತ್ತೆ ಗೊಣಗುತ್ತಿದ್ದರು. ಬಟ್ಟೆ ಒಣಹಾಕುವ ದಾರದಲ್ಲಿ ಅವರ ಸೀರೆಯ ಪಕ್ಕದಲ್ಲೇ ಗುರುತು ಪರಿಚಯವಿಲ್ಲದ ಗಂಡಸರು ಕ್ಲಿಪ್ಪಿಗೆ ನೇತುಬಿದ್ದಿರುತ್ತಿದ್ದರು.

ಆಗ ಬೇರೆ ಸ್ಟುಡಿಯೋಗಳಲ್ಲಿ ಚಂದ್ರ, ಮೆಟ್ಟಿಲು, ಹೂಕುಂಡ ಬರೆದ ಪರದೆ ಇರುತ್ತಿತ್ತು. ಪೌಡರ್ ಡಬ್ಬಿ, ಬಾಚಣಿಗೆ, ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಒಂದು ಕೋಟು ಇರುತ್ತಿತ್ತು. ಮಾವನ ಹತ್ತಿರ ಅವು ಒಂದೂ ಇರಲಿಲ್ಲ. ನಗಿ ಎಂದು ಅವರು ಯಾರಿಗೂ ಹೇಳಿದವರಲ್ಲ. ಕ್ಯಾಮೆರಾ ನೋಡಲು ಬಿಡುತ್ತಲೂ ಇರಲಿಲ್ಲ. "ಕ್ಯಾಮೆರಾ ಕಂಡ್ರೆ ಮುಖ ಅಂಗಡಿ ಬಾಗ್ಲು ತೆಗೀತದೆ. ನನಗೆ ಅದರ ಹಿಂದಿನ ಮನೆ ಬೇಕು" ಅನ್ನುತ್ತಿದ್ದರು. ಆ ಮನೆ ಹೊಗುವುದಕ್ಕೆ ಅವರು ಕಂಡುಕೊಂಡ ದಾರಿ ನಾನು. ಕೂತವರು ಕ್ಯಾಮೆರಾದ ಪಕ್ಕದ ಸ್ಟೂಲಿನ ಮೇಲಿದ್ದ ನನ್ನನ್ನು ನೋಡಬೇಕು, ನೋಡುತ್ತಾ ಏನಾದರೂ ಹೇಳಬೇಕು. ಮನೆಯಲ್ಲಿ ಯಾರಿಗೂ ಹೇಳದೇ ಇದ್ದದ್ದು ಆದರೆ ಇನ್ನೂ ಒಳ್ಳೆಯದು. "ಊರಿನಿಂದ ಬಂದ ಹುಡುಗಿ, ಒಂದಕ್ಷರ ತಮಿಳು ಬರಲ್ಲ, ಏನು ಬೇಕಾದರೂ ಹೇಳಿ" ಎಂದು ಮಾವ ತಮಿಳಿನಲ್ಲಿ ಅವರಿಗೆ ಧೈರ್ಯ ಹೇಳಿ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರು. ಮೊದಮೊದಲು ಎಲ್ಲರೂ ನಾಚಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಾತು ತಾನಾಗಿ ಬರುತ್ತಿತ್ತು. ಹೇಳಿ ಮುಗಿಸಿ ಸುಮ್ಮನಾದಾಗ ಅವರ ಮುಖ ಮಳೆ ನಿಂತ ಅಂಗಳದ ಹಾಗೆ ಆಗುತ್ತಿತ್ತು. ಮಾವ ಕೈಯಲ್ಲಿದ್ದ ರಬ್ಬರ್ ಉಂಡೆ ಒತ್ತಿ ಚಿತ್ರ ತೆಗೆಯುತ್ತಿದ್ದುದು ಆಗ.

ನನ್ನ ಕೆಲಸ ಏನೂ ಮಾಡದೆ ಇರುವುದು. ತಲೆ ಆಡಿಸುವ ಹಾಗಿಲ್ಲ, ಅಯ್ಯೋ ಅನ್ನುವ ಹಾಗಿಲ್ಲ, ಮೂಗಿನ ಮೇಲೆ ನೊಣ ಕೂತರೂ ಅವರ ಕಣ್ಣಿನಿಂದ ಕಣ್ಣು ಕೀಳುವ ಹಾಗಿಲ್ಲ. ನೆಲಕ್ಕೆ ತಾಗದ ನನ್ನ ಕಾಲುಗಳು ಜೋಮು ಹಿಡಿದು, ಇಳಿಸಿದಾಗ ಅವ್ವ ತಿಕ್ಕಬೇಕಾಗುತ್ತಿತ್ತು. ಮಾವ ಕೆಟ್ಟವರಲ್ಲ. ಬೆಲ್ಲದ ಉಂಡೆ ಒಡೆದಾಗ ದೊಡ್ಡ ಚೂರು ನನಗೇ ಕೊಡುತ್ತಿದ್ದರು. ಆದರೆ ಅಷ್ಟು ಜನರ ಚಿತ್ರ ತೆಗೆದವರು ನನ್ನದೊಂದು ತೆಗೆಯಲಿಲ್ಲ. ಒಮ್ಮೆ ಅತ್ತೆಯೇ ಕೇಳಿದ್ದಕ್ಕೆ, "ಅವಳ ಮುಖ ಚಿತ್ರಕ್ಕಲ್ಲ, ಕೆಲಸಕ್ಕೆ" ಅಂದಿದ್ದರು.

ನಾನು ತಮಿಳು ಕಲಿಯಬಾರದು ಎಂಬುದು ಆ ಮನೆಯ ಕಾನೂನು. ಬೀದಿ ಬಾಗಿಲಿಗೆ ಯಾವಾಗಲೂ ಒಳಗಿನಿಂದ ಚಿಲಕ. ನಲ್ಲಿಗೆ ಹೋಗುವಂತಿಲ್ಲ, ಅಂಗಡಿಗೆ ಹೋಗುವಂತಿಲ್ಲ. ರೇಡಿಯೋ ಇರಲಿಲ್ಲ. ಅತ್ತೆ ಸೊಪ್ಪಿನವಳ ಜೊತೆ ಗೇಟಿನಾಚೆ ನಿಂತು ತಮಿಳು ಮಾತಾಡಿ, ಒಳಗೆ ಬರುವಾಗ ಚಪ್ಪಲಿಯ ಹಾಗೆ ಆ ಮಾತನ್ನೂ ಹೊರಗೇ ಬಿಟ್ಟು ಬರಬೇಕಾಗಿತ್ತು. ಈ ಸುದ್ದಿ ಹೇಗೋ ಹಬ್ಬಿ, ಮದರಾಸಿನಲ್ಲಿದ್ದೂ ಮನೆಯೊಳಗೆ ಒಂದು ತಮಿಳು ಮಾತು ಆಡದ ಭಾಷಾಭಿಮಾನಿ ಎಂದು ಕನ್ನಡದ ಕೆಲವು ಹಿರಿಯರು ಬಂದು ಮಾವನಿಗೆ ಶಾಲು ಹೊದಿಸಿ ಹೋದರು. ಹೊರಡುವಾಗ ತಮ್ಮದೊಂದು ಫೋಟೋ ತೆಗೆಯಿರಿ ಎಂದು ಕೇಳಿದರು. ಮಾವ ಒಪ್ಪಲಿಲ್ಲ! ಕನ್ನಡದವರ ಫೋಟೋ ಅವರು ತೆಗೆಯುತ್ತಲೇ ಇರಲಿಲ್ಲ, ತೆಗೆಯುವುದಾದರೂ ಹೇಗೆ, ಅವರು ಹೇಳಿದ್ದು ನನಗೆ ತಿಳಿದುಬಿಡುತ್ತದಲ್ಲ. ಕನ್ನಡ ಪಿಕ್ಚರಿನ ಕೆಲಸಕ್ಕೆಂದು ಕೋಡಂಬಾಕ್ಕಂಗೆ ಬಂದವರು ಎಷ್ಟೋ ಸಲ ಬಾಗಿಲು ತಟ್ಟಿ, "ನಮ್ಮೋರೇ ನಮ್ಮನ್ನ ಸೇರಿಸಲ್ವಲ್ಲ ಸ್ವಾಮಿ" ಎಂದು ಬೈದು ಹೋಗುತ್ತಿದ್ದರು. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಹಿಡಿಯುವವಳ ಹಾಗೆ ನಾನು ಬಾಗಿಲ ಸಂದಿಗೆ ಕಿವಿಯಿಟ್ಟು ಅವರ ಬೈಗುಳ ಕೇಳಿಸಿಕೊಳ್ಳುತ್ತಿದ್ದೆ.

ಹಿಂದಿನ ಬೀದಿಯಲ್ಲಿ ಒಂದು ಶಾಲೆ ಇತ್ತು. ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ಮಾತು ಬೇರೆಯಾದರೂ ರಾಗ ನಮ್ಮ ಹಳ್ಳಿಯದೇ. ಪಾತ್ರೆ ತಿಕ್ಕುತ್ತಾ ನಾನು ಅದೇ ರಾಗಕ್ಕೆ ಕನ್ನಡದ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಅದನ್ನು ಕೇಳಿಸಿಕೊಂಡೇ ಇರಬೇಕು, ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅವ್ವ ಬಾಯಿ ತೆಗೆದಳು.

"ಅಣ್ಣ, ಮಗ ಊರಲ್ಲಿ ಚೆನ್ನಾಗಿ ಓದ್ತಿತ್ತು. ಮುಂದಕ್ಕೆ ಓದ್ಸಿ ಅಂತ ಮೇಷ್ಟ್ರೇ ಅಂದಿದ್ರು. ಹಿಂದ್ಗಡೆ ಬೀದೀಲೇ ಇಸ್ಕೂಲದೆ."

"ಅಲ್ಲಿ ಹೇಳ್ಕೊಡೋದು ತಮಿಳು."

"ಕಲೀತದೆ ಬಿಡು. ಮಕ್ಕಳಿಗೇನು, ಬೇಗ ಬರ್ತದೆ."

"ಅದಕ್ಕೇ ಬ್ಯಾಡ ಅನ್ನೋದು."

ಅತ್ತೆ ಸಾರಿನ ಸೌಟು ಎತ್ತಿಕೊಂಡೇ ನಡುವೆ ಬಂದರು.

"ಭಾಷೆ ಏನು ದಡಾರವಾ, ಅಂಟ್ಕೋತದೆ ಅಂತ ಬಾಗ್ಲಾಕ್ಕೊಂಡು ಕೂರಕ್ಕೆ?"

ಮಾವ ಅವ್ವನ ಕಡೆಗೆ ತಿರುಗಿ ಮೆಲ್ಲಗೇ ಹೇಳಿದರು.

"ನೋಡು ಸಾಕಿ, ಅವಳು ಅಲ್ಲಿ ಸ್ಟೂಲಿನ ಮೇಲೆ ಕೂತಿರೋದಕ್ಕೆ ನೀವಿಬ್ರೂ ಇಲ್ಲಿ ಇದ್ದೀರಿ. ಅವಳಿಗೆ ಮಾತು ತಿಳಿದ ದಿನ ನನಗೆ ಅವಳು ಯಾಕೆ, ನೀನು ಯಾಕೆ?"

ಅವ್ವ ಮಾವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಶಾಲೆಯ ಮಾತು ಮತ್ತೆ ಬಹಳ ಕಾಲ ಬರಲಿಲ್ಲ.

ಮಾವನಂಥ ಜಾಣರು ಒಂದು ಸಣ್ಣ ಸಂಗತಿಯನ್ನು ಹೇಗೆ ಮರೆತರೋ ತಿಳಿಯದು. ತಮಿಳು ಒಳಗೆ ಬಾರದ ಹಾಗೆ ಬಾಗಿಲಿಗೆ ಚಿಲಕ ಹಾಕಿ, ಅದೇ ಬಾಗಿಲಿನಿಂದ ದಿನವೂ ಒಬ್ಬೊಬ್ಬ ತಮಿಳರನ್ನು ಕರೆದು ನನ್ನ ಮುಂದೆ ಕೂರಿಸಿ ಮಾತಾಡಿಸುತ್ತಿದ್ದರು. ಅವರ ಮಾತು ಕೇಳುವುದು ಬಿಟ್ಟು ನನಗೆ ಬೇರೆ ಕೆಲಸ ಇರಲಿಲ್ಲ. ನಮ್ಮ ಕನ್ನಡಕ್ಕೂ ಆ ಮಾತಿಗೂ ಇರುವುದು ಒಂದು ತೆಳ್ಳನೆಯ ಗೋಡೆ. ನನಗೆ ಮೊದಲು ಅರ್ಥವಾದದ್ದು, "ಯಾರ್‌ಕಿಟ್ಟೆಯುಂ ಸೊಲ್ಲಾದೆ." ಯಾರಿಗೂ ಹೇಳಬೇಡ. ಎಲ್ಲರೂ ಕೊನೆಯಲ್ಲಿ ಅದನ್ನೇ ಹೇಳಿ ನಿಲ್ಲಿಸುತ್ತಿದ್ದುದರಿಂದ ಅದು ಮೊದಲು ಹತ್ತಿತು. ಅಲ್ಲಿಂದ ಹಿಂದಕ್ಕೆ, ದಾರ ಬಿಚ್ಚಿದ ಹಾಗೆ, ಮಿಕ್ಕದ್ದೆಲ್ಲ ಬಿಚ್ಚಿಕೊಂಡಿತು. ಪಿಕ್ಚರಿನಲ್ಲಿ ಹೀರೋ ಆಗಿದ್ದೇನೆ ಎಂದು ಊರಿಗೆ ತಿಳಿಸಿ, ಇಲ್ಲಿ ಗುಂಪಿನಲ್ಲಿ ನಿಂತು ಕೈ ತಟ್ಟುತ್ತಿದ್ದವನು. ತೀರಿಹೋದ ಮಗಳ ಜಡೆ ಹೆಣೆದ ಹಾಗೆ ಈಗಲೂ ಬೆರಳು ಆಡಿಸುತ್ತಾ ಮಾತಾಡಿದ ತಾಯಿ. ನೋಡಲು ಬರುವ ಗಂಡಿಗೆ ಕಳಿಸುವ ಫೋಟೋಕ್ಕೆ ಕೂತು, ಆ ಗಂಡು ಬಾರದೇ ಇರಲಿ ಎಂದು ನನ್ನ ಹತ್ತಿರ ಹರಸಿಕೊಂಡ ಹುಡುಗಿ. ಮೊದಲು ಅವರೆಲ್ಲರ ಮಾತು ನನ್ನನ್ನು ಹಾದು ಹೋಗುತ್ತಿತ್ತು. ಈಗ ಒಳಗೆ ಬಿದ್ದು ಅಲ್ಲೇ ನಿಲ್ಲತೊಡಗಿತು. ತಡೆಯಲಾರದೆ ಒಂದು ದಿನ ಹಿತ್ತಲಲ್ಲಿ ತಲೆಗೆ ನೀರು ಹುಯ್ಯುತ್ತಿದ್ದ ಅವ್ವನಿಗೆ ಹೇಳಿದೆ.

"ಅವ್ವ, ಅವ್ರು ಹೇಳೋದು ನನಗೆ ತಿಳೀತದೆ."

ಸೀಗೆಪುಡಿ ತಿಕ್ಕುತ್ತಿದ್ದ ಕೈ ನನ್ನ ನೆತ್ತಿಯ ಮೇಲೇ ನಿಂತಿತು.

"ಎಷ್ಟು ತಿಳೀತದೆ?"

"ಎಲ್ಲಾ."

"ಮುಖಕ್ಕೆ ಬರಿಸ್ಬ್ಯಾಡ ಮಗ. ಮುಖಕ್ಕೂ ಒಂದು ಚಿಲ್ಕ ಹಾಕ್ಕೊ. ಈ ಮನೆ ಬಿಟ್ರೆ ನಮಗೆ ಇನ್ನೆಲ್ಲಿ ನೆಲೆ ಅದೆ?"

ಅವ್ವನೇ ಹೇಳಿಕೊಟ್ಟಳು. ಅಳು ಬಂದರೂ ನಗು ಬಂದರೂ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿ, ಮುಖದವರೆಗೆ ಏನೂ ಏರುವುದಿಲ್ಲ ಎಂದು. ಗಂಡ ಸತ್ತ ಹೆಂಗಸು ಅಣ್ಣನ ಮನೆಯಲ್ಲಿ ಬಾಳಲು ತಾನೇ ಕಂಡುಕೊಂಡಿದ್ದ ಉಪಾಯ ಅದು ಎಂದು ನನಗೆ ಆಗ ಹೊಳೆಯಲಿಲ್ಲ. ಒತ್ತಿ ಹಿಡಿದೆ. ಒಳಗೆ ಎಲ್ಲ ಕೇಳಿಸುತ್ತಾ, ಹೊರಗೆ ಕೇಳಿಸದವಳಾಗಿ ವರ್ಷಗಟ್ಟಲೆ ಕೂತೆ. ನಾನು ಬೆಳೆದ ಹಾಗೆಲ್ಲ ಕಣ್ಣು ಕ್ಯಾಮೆರಾದ ಗಾಜಿಗಿಂತ ಮೇಲೆ ಹೋಗುತ್ತದೆಂದು ಮಾವ ಬಡಗಿಯನ್ನು ಕರೆಸಿ ಸ್ಟೂಲಿನ ಕಾಲು ಕೊಯ್ಯಿಸುತ್ತಿದ್ದರು. ಬೇರೆ ಮಕ್ಕಳಿಗೆ ಲಂಗ ಗಿಡ್ಡವಾದರೆ ಬೆಳೆದಿದ್ದಾರೆ ಎಂದು ಗೊತ್ತಾಗುತ್ತದೆ. ನನಗೆ ನೆಲದ ಮೇಲಿನ ಮರದ ಹೊಟ್ಟು ಗುಡಿಸುವಾಗ ಗೊತ್ತಾಗುತ್ತಿತ್ತು. ಕೊನೆಗೊಮ್ಮೆ ಪಾದ ನೆಲಕ್ಕೆ ಊರಿತು. ಎದ್ದು ಓಡಿಹೋಗಬಹುದಾದಷ್ಟು ನೆಲ ಸಿಕ್ಕಿತ್ತು, ಹೋಗಲು ಜಾಗ ಇರಲಿಲ್ಲ.

ಆ ಮುದುಕ ಬಂದದ್ದು ಆಮೇಲೆ. ಹಲ್ಲಿಲ್ಲದ ಬಾಯಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಿಕ್ಚರುಗಳಲ್ಲಿ ಅವನಿಗೆ ಯಾವಾಗಲೂ ಹೆಣದ ಪಾತ್ರವೇ. ತಂದೆಯ ಹೆಣ, ಜಮೀನ್ದಾರನ ಹೆಣ, ಹೊಳೆಯಲ್ಲಿ ತೇಲಿ ಬಂದ ಹೆಣ. ಕಣ್ಣು ಬಿಟ್ಟಿರುವ ಒಂದು ಚಿತ್ರ ಮನೆಯಲ್ಲಿ ಇರಲಿ ಎಂದು ಬಂದಿದ್ದೇನೆ ಅಂದ. ಮಾವ ಬಟ್ಟೆಯೊಳಗೆ ತಲೆ ತೂರಿಸಿದರು. ಅವನು ಹೇಳಿದ್ದು ತಮಿಳಿನಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಕೇಳಮ್ಮ, ಹೆಣ ಆಗೋದು ಸುಲಭ ಅಲ್ಲ. ಒಂದು ಸಲ ಮಧ್ಯಾಹ್ನ ಹೊಟ್ಟೆ ತುಂಬ ಸಾಂಬಾರನ್ನ ತಿಂದು ಚಟ್ಟದ ಮೇಲೆ ಮಲಗಿದೆ. ಹೀರೋಯಿನ್ನು ಎದೆ ಮೇಲೆ ಬಿದ್ದು ಗೋಳೋ ಅಂತ ಅಳ್ತಾಳೆ. ಮೆತ್ತಗಿತ್ತು, ತಂಪಾಗಿತ್ತು, ನಿದ್ದೆ ಬಂತು. ಡೈರೆಕ್ಟರು ಕಿರುಚಿದ, ಯಾರೋ ಅದು ಗೊರಕೆ ಹೊಡೆಯೋನು? ಆ ಹುಡುಗಿ ಎದ್ದು ಕಣ್ಣೊರೆಸಿಕೊಂಡು ಹೇಳ್ತು, ನಮ್ಮಪ್ಪನೇ ಸಾರ್ ಅಂತ."

ನಾನು ನಾಲಿಗೆ ಒತ್ತಿ ಹಿಡಿದೆ.

"ಆಮೇಲೆ ಮತ್ತೆ ಸಾಯಿಸಿದರು. ಸರಿ ಬರಲಿಲ್ಲ, ಮತ್ತೆ ಸಾಯಿಸಿದರು. ಸಾಯಂಕಾಲದವರೆಗೂ ಸತ್ತು ಸತ್ತು ಸುಸ್ತಾಗಿ ಮನೆಗೆ ಹೋಗಿ ನನ್ನ ಹೆಂಡತಿಗೆ ಹೇಳಿದೆ, ಇವತ್ತು ಎಷ್ಟು ಸಲ ಸತ್ತೆ ಗೊತ್ತಾ ಅಂತ. ಅವಳು ತಿರುಗಿ ಕೂಡ ನೋಡದೆ ಕೇಳಿದಳು, ಅಷ್ಟು ಸಲ ಸತ್ತೂ ಊಟದ ಹೊತ್ತಿಗೆ ಸರಿಯಾಗಿ ಬಂದೆಯಲ್ಲ!"

ನಾಲಿಗೆ ಜಾರಿತು. ಒಳಗೆ ಕೂಡಿಟ್ಟಿದ್ದ ಎಷ್ಟು ವರ್ಷಗಳ ನಗುವೋ, ಬುಸ್ಸೆಂದು ಮೂಗಿನಿಂದಲೂ ಬಾಯಿಂದಲೂ ಬಂತು. ಮುದುಕ ಒಂದು ಗಳಿಗೆ ಬೆಪ್ಪಾದ. ನನಗೆ ಅರ್ಥವಾಗುತ್ತದೆ ಎಂದು ಅವನಿಗೆ ತಿಳಿಯಿತು. ತಿಳಿದು, ಅವನ ಮುಖದಲ್ಲಿ ಎಂಥ ಸಂತೋಷ ಬಂತೆಂದರೆ ಅವನೂ ಬೊಚ್ಚು ಬಾಯಿ ತೆರೆದು ನಕ್ಕ. ಬಟ್ಟೆಯೊಳಗಿಂದ ರಬ್ಬರ್ ಉಂಡೆ ಒತ್ತಿದ ಶಬ್ದ ಕೇಳಿತು.

ಮಾವ ತಲೆ ಹೊರಗೆ ತೆಗೆದರು.

"ಯಾವತ್ತಿಂದ?" ಅಂದರು.

ನಾನು ಮತ್ತೆ ನಾಲಿಗೆ ಒತ್ತಿ ಹಿಡಿದಿದ್ದೆ. ಈಗ ಏನು ಪ್ರಯೋಜನ? ಮಗುವನ್ನು ಬೈಯಬೇಡಿ ಸಾರ್, ಒಳ್ಳೆ ನಗು, ಎಂದು ಮುದುಕ ಬೇಡಿಕೊಂಡು ಹೋದ. ಮಾವ ಕತ್ತಲೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಅವ್ವ ದಾರದ ಮೇಲಿದ್ದ ನಮ್ಮ ಬಟ್ಟೆಗಳನ್ನು, ಹಸಿಯಿದ್ದವನ್ನೂ, ಎಳೆದು ಗಂಟು ಕಟ್ಟಿ ಜಗಲಿಯ ಅಂಚಿನಲ್ಲಿ ಕೂತಳು. ಸಂಜೆ ಮಾವ ಒದ್ದೆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಬಂದು ಬೆಳಕಿಗೆ ಹಿಡಿದು ನೋಡಿದರು. ಮುದುಕನ ಬಾಯಿ ಕದಲಿ ಮಸುಕಾಗಿತ್ತು. ಬದುಕೆಲ್ಲ ಅಲುಗಾಡದೆ ಮಲಗಿದ್ದವನು ಅಲ್ಲಿ ಅಲುಗಾಡಿದ್ದ. ಕಣ್ಣು ಮಾತ್ರ ಸ್ವಚ್ಛವಾಗಿ ಬಂದಿತ್ತು. ಆಮೇಲೆ ಮಾವ ನಮ್ಮ ಗಂಟಿನ ಕಡೆ ನೋಡಿದರು.

"ಬಿಚ್ಚು ಅದನ್ನ. ಇಂಥ ಮುಖ ನಾನು ಇದುವರೆಗೂ ತೆಗೆದಿಲ್ಲ," ಅಂದರು.

ಬಾಗಿಲು ತೆಗೆಯಿತು ಎಂದುಕೊಂಡೆ. ತೆಗೆಯಲಿಲ್ಲ. ಮರುದಿನ ಸ್ಟೂಲು ಅದೇ ಜಾಗದಲ್ಲಿತ್ತು, ಚಿಲಕ ಹಾಗೇ ಇತ್ತು. ಬಂದವರು ಮಾತು ಮುಗಿಸುವ ಹೊತ್ತಿಗೆ ಮಾವ ಬಟ್ಟೆಯೊಳಗಿಂದ ಪಿಸುಗುಟ್ಟಿದರು, "ನಗು. ನಿನ್ನೆ ನಕ್ಕಂಗೆ ನಗು." ನನಗೆ ಆಗಲಿಲ್ಲ. ದಿನವೂ ಕೇಳಿದರು, ಪ್ರೀತಿಯಿಂದ ಕೇಳಿದರು, ಗದರಿಸಿ ಕೇಳಿದರು. ನಗಬೇಡ ಎಂದಾಗ ಬಂದ ನಗು, ನಗು ಎಂದಾಗ ಬರಲಿಲ್ಲ. ಈಗಂತೂ ಮಾತು ಬಂತಲ್ಲ, ಶಾಲೆಗೆ ಕಳಿಸು ಎಂದು ಅವ್ವ ಧೈರ್ಯ ಮಾಡಿ ಕೇಳಿದಳು. "ಈಗ ವಯಸ್ಸು ಮೀರಿತು" ಅಂದರು ಮಾವ. ಅದೂ ನಿಜವೇ. ಸ್ವಲ್ಪ ಕಾಲಕ್ಕೆ ಪಲ್ಲಾವರಂನಲ್ಲಿ ಕೆಲಸದಲ್ಲಿದ್ದ ನಿಮ್ಮ ತಾತನ ಸಂಬಂಧ ಬಂತು. ಗಂಡಿನ ಕಡೆಯವರು ನನ್ನ ಮುಖ ನೋಡಿ, ಹುಡುಗಿ ಬಹಳ ಗಂಭೀರ ಎಂದು ಮೆಚ್ಚಿಕೊಂಡರು. ಮೋಟಾಗಿದ್ದ ಆ ಸ್ಟೂಲಿನ ಮೇಲೆ ಕೂತು ಅತ್ತೆ ಬಹಳ ವರ್ಷ ತರಕಾರಿ ಹೆಚ್ಚಿದರು.

ಹೋದ ತಿಂಗಳು ಅನು ನನ್ನನ್ನು ಶೋಳಿಂಗನಲ್ಲೂರಿನ ಮನೆಯಿಂದ ಕ್ಯಾಬಿನಲ್ಲಿ ಕರೆದುಕೊಂಡು ಹೋದದ್ದು ಮಾವನ ಚಿತ್ರಗಳನ್ನು ನೋಡಲು. ಅವರ ನೆಗೆಟಿವ್ ಪೆಟ್ಟಿಗೆಗಳನ್ನು ಯಾರೋ ಹುಡುಗರು ಅತ್ತೆಯ ತವರಿನವರಿಂದ ತೆಗೆದುಕೊಂಡು, ಆಳೆತ್ತರಕ್ಕೆ ಅಚ್ಚು ಹಾಕಿಸಿ ಹಾಲಿನ ಗೋಡೆಯ ತುಂಬ ತೂಗುಹಾಕಿದ್ದರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಕಾಲು ಜೋಮು ಹಿಡಿಯಿತು. ಜಡೆಯ ತಾಯಿ ಇದ್ದಳು. ಹರಸಿಕೊಂಡ ಹುಡುಗಿ ಇದ್ದಳು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅನು ಓದಿ ಹೇಳಿದಳು. ಇವರೆಲ್ಲ ದೂರದಲ್ಲಿ ಏನನ್ನೋ ನೋಡುತ್ತಿದ್ದಾರೆ, ತಮ್ಮ ಕನಸುಗಳನ್ನು ನೋಡುತ್ತಿದ್ದಾರೆ ಎಂದು ಇತ್ತಂತೆ. ದೂರ ಎಲ್ಲಿ ಬಂತು, ಮೂರು ಮಾರು ಆಚೆ ನಾನು ಕೂತಿದ್ದೆ.

ಮುದುಕನ ಚಿತ್ರ ಕೊನೆಯ ಗೋಡೆಯಲ್ಲಿತ್ತು. ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ಅವನ ಕಣ್ಣು ನಿಂತವರನ್ನು ನೋಡುವುದಿಲ್ಲ, ಒಂದಿಷ್ಟು ಪಕ್ಕಕ್ಕೆ ನೋಡುತ್ತದೆ. ನನ್ನ ಸ್ಟೂಲು ಇದ್ದ ಕಡೆಗೆ. ಅವನ ಕಣ್ಣಿಗೆ ಸಿಕ್ಕೋಣ ಎಂದು ನಾನು ಆ ಕಡೆಗೆ ಸರಿದೆ. ಸಿಕ್ಕಲಿಲ್ಲ. ಇನ್ನೂ ಸರಿದೆ. ಚಿತ್ರದ ಕಣ್ಣು, ನಾವು ಎಲ್ಲಿಗೆ ಸರಿದರೂ ಅದು ಅಂದು ನೋಡುತ್ತಿದ್ದವರನ್ನು ಬಿಟ್ಟು ನಮ್ಮ ಕಡೆಗೆ ತಿರುಗುವುದಿಲ್ಲ. ಅವನು ಇನ್ನೂ ಆ ಹುಡುಗಿಯನ್ನೇ ನೋಡುತ್ತಿದ್ದ. ಅವಳು ಇನ್ನೂ ಅಲ್ಲೇ ಕೂತಿದ್ದಳು. ಅಷ್ಟು ಜನರೂ ಅವಳನ್ನೇ ನೋಡುತ್ತಿದ್ದರು, ಯಾರೂ ಅವಳನ್ನು ಇಳಿಸಿರಲಿಲ್ಲ.

"ಎನ್ನ ಪಾಟಿ, ಅಂಗೇಯುಂ ಇಂಗೇಯುಂ ನಡಕ್ಕಿರೆ?" ಯಾಕೆ ಹೀಗೆ ಅತ್ತಿತ್ತ ಓಡಾಡುತ್ತೀ ಎಂದಳು ಅನು. "ಅವರು ಯಾರೆ ಪಾತ್ತು ಸಿರಿಕ್ಕಿರಾರು?"

ಯಾರನ್ನು ನೋಡಿ ನಗುತ್ತಿದ್ದಾನೆ ಎಂದು ಹೇಳಿದೆ. ಯಾಕೆ ಎಂದು ಕೇಳಿದಳು. ಅವನು ಹೇಳಿದ ಹಾಗೆಯೇ, ಅವನ ತಮಿಳಿನಲ್ಲೇ, ಚಟ್ಟದಿಂದ ಹಿಡಿದು ಹೆಂಡತಿಯ ಮಾತಿನವರೆಗೆ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಿಮ್ಮ ತಾತನಿಗೂ. ಆ ಸದ್ದಿಲ್ಲದ ಹಾಲಿನಲ್ಲಿ ಅನು ಎಷ್ಟು ಗಟ್ಟಿಯಾಗಿ ನಕ್ಕಳೆಂದರೆ ಬಾಗಿಲ ಬಳಿ ಕೂತಿದ್ದವನು ಎದ್ದು ನಿಂತ. ಅಭ್ಯಾಸಬಲ ನೋಡಿ, ನಗುತ್ತಲೇ ನನ್ನ ಮುಂದೆ ಫೋನು ಎತ್ತಿದಳು. ಎತ್ತಿದವಳು ನನ್ನನ್ನು ನೋಡಿ ನಗು ನಿಲ್ಲಿಸಿದಳು. ನನ್ನ ಮುಖ ಹೇಗಿತ್ತೋ, ನನಗೆ ಕಾಣುವುದಿಲ್ಲವಲ್ಲ. ನಾಲಿಗೆ ಅಂಗುಳ ಬಿಟ್ಟಿತ್ತು ಎಂದು ಮಾತ್ರ ನನಗೆ ಗೊತ್ತು. ಅನು ಫೋನು ಕೆಳಗಿಳಿಸಿ ಚೀಲಕ್ಕೆ ಹಾಕಿಕೊಂಡಳು. ಸಿರಿ ಅನ್ನಲಿಲ್ಲ.